ಕರಗಿದ ಬಿಲ್ಲೆಯ ಕಿವಿ

"ಎಳನೀರು ಬೇಡ," ಎಂದಳು ವನಜಾಕ್ಷಿ. "ಟೀನೂ ಬೇಡ. ನಾನು ಕೂತ್ಕೊಳ್ಳೋದೂ ಇಲ್ಲ. ಇದಕ್ಕೆ ಉತ್ತರ ಕೊಡಿ, ಸಾಕು."

ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಡಾಕ್ಟರ್ ಹಾಲೇಶನ ಮೇಜಿನ ಮೇಲೆ ಕುಕ್ಕಿದಳು. ಒಳಗಿದ್ದ ಟಂಗ್‌ಸ್ಟನ್ ಬಿಲ್ಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಷ್ಟೆ. ಆದರೂ ಮೇಜಿನ ಗಾಜು ಬಿರುಕು ಬಿಟ್ಟಂತೆ ಸದ್ದು ಮಾಡಿತು. ಚಿನ್ನದಷ್ಟು ತೂಕದ ಲೋಹವದು.

ಮೂರು ದಿನದ ಹಿಂದೆ ಮಿಡಿಗೇಶಿ ರಸ್ತೆಯ ಈ ಲ್ಯಾಬಿನಲ್ಲಿ ಬಿಲ್ಲೆ ಕರಗಿ, ಗಾಯಗೊಂಡ ಇಂಜಿನಿಯರ್ ಮಾನಸ ಆಸ್ಪತ್ರೆಯಲ್ಲಿ ಸತ್ತಿದ್ದಳು. ಬಿಲ್ಲೆ ಕೂರಿಸಿದ ಟೆಕ್ನಿಷಿಯನ್ ಶಿವರಾಜು ನಿನ್ನೆ ಸಂಜೆಯಿಂದ ಮಧುಗಿರಿಯ ಲಾಕಪ್ಪಿನಲ್ಲಿದ್ದ. ಕೆಲಸದಿಂದ ತೆಗೆಯುತ್ತೇನೆಂದು ತಾನು ಗದರಿದ್ದಕ್ಕೆ ಸೇಡಿಗೆ ಬಿದ್ದು, ಬೇಕೆಂದೇ ಬಿಲ್ಲೆ ಕೆಡಿಸಿದ ಎಂದು ಲ್ಯಾಬಿನ ಮುಖ್ಯಸ್ಥ ಹಾಲೇಶ್ ದೂರು ಬರೆದುಕೊಟ್ಟಿದ್ದ. ಮಧ್ಯಾಹ್ನ ಶಿವರಾಜುವನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಈ ಬಿಲ್ಲೆ ಅವನ ವಿರುದ್ಧ ಸಾಕ್ಷಿ ಹೇಳಿತೆಂದರೆ ಕೊಲೆಗಾರನೆಂಬ ಹಣೆಪಟ್ಟಿ ಕಟ್ಟಿಕೊಂಡು ಜೈಲು ಸೇರುತ್ತಾನೆ, ಹೊರಗೆ ಬರುವಷ್ಟರಲ್ಲಿ ಅರ್ಧ ಆಯುಸ್ಸು ಮುಗಿದಿರುತ್ತದೆ.

ಆ ಪುಣ್ಯಾತ್ಮನಾದರೂ ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಮಾಡಿದೆ ಅನ್ನಲ್ಲ, ಮಾಡಿಲ್ಲ ಅನ್ನಲ್ಲ. ಸಬ್ ಇನ್ಸ್‌ಪೆಕ್ಟರ್ ವನಜಾಕ್ಷಿಗೆ ಅವನ ಮೇಲೂ ಸಿಟ್ಟಿತ್ತು. ಇವತ್ತು ಅವಳಿಗೆ ಯಾರ ಮೇಲೆ ಸಿಟ್ಟಿಲ್ಲ ಅಂತ ಕೇಳಿದರೆ ಹೇಳುವುದು ಕಷ್ಟ.

"ಉತ್ತರ ಅವತ್ತೇ ಹೇಳಿದೀನಲ್ಲ ಮೇಡಂ." ಹಾಲೇಶ್ ಕುರ್ಚಿಗೆ ಒರಗಿದ.

"ಇನ್ನೊಂದ್ಸಲ ಹೇಳಿ. ನ್ಯಾಯಾಧೀಶರಿಗೆ ನಾನು ಹೇಳಬೇಕಾಗುತ್ತೆ."

ಹಾಲೇಶ್ ನಿಟ್ಟುಸಿರು ಬಿಟ್ಟ. ದಡ್ಡ ಮಕ್ಕಳಿಗೆ ಪಾಠ ಒಪ್ಪಿಸುವ ಮೇಷ್ಟರ ನಿಟ್ಟುಸಿರು. "ಸೂರ್ಯನೊಳಗೆ ನಡೆಯೋದನ್ನ ಇಲ್ಲಿ ನಡೆಸಿ ಕರೆಂಟು ತೆಗೆಯೋ ರಿಯಾಕ್ಟರುಗಳು ಬರ್ತಿವೆ. ಒಳಗೆ ವಿಪರೀತ ಕಾದ ಅನಿಲ ಇರುತ್ತೆ, ಪ್ಲಾಸ್ಮಾ ಅಂತೀವಿ. ಅದು ಗೋಡೆಗೆ ತಾಗೋ ಕಡೆ ಈ ಟೈಲ್ ಕೂರಿಸ್ತಾರೆ. ತಡೆಯುತ್ತಾ, ಇಲ್ವಾ ಅಂತ ನಾವು ಇಲ್ಲಿ ಚೇಂಬರಿನಲ್ಲಿಟ್ಟು ಪರೀಕ್ಷೆ ಮಾಡ್ತೀವಿ."

"ತಡೆಯಲಿಲ್ಲ."

"ತಡೀತಿತ್ತು. ಮೂಲೆಯಲ್ಲಿರೋ ಕಚ್ಚು ನೋಡಿ." ಚೀಲದ ಮೇಲಿಂದಲೇ ಬೆರಳಿಟ್ಟು ತೋರಿಸಿದ. "ಕುರಿ ಕಿವಿ ಕುಯ್ದು ಗುರುತು ಹಾಕ್ತಾರಲ್ಲ, ಹಾಗೆ. ನಮ್ಮನೆ ಕುರಿಗೆ ಹಾಕೋ ಹಾಗೆ ಇವಕ್ಕೂ ಹಾಕ್ಲಾ ಸಾರ್ ಅಂತ ಶಿವರಾಜು ತಮಾಷೆ ಮಾಡ್ತಾನೇ ಇದ್ದ. ಅವನ ಪೆಟ್ಟಿಗೆಯಲ್ಲೇ ಗ್ರೈಂಡರ್ ಸಿಕ್ತು, ಟಂಗ್‌ಸ್ಟನ್ ಪುಡಿ ಸಮೇತ."

"ಒಂದು ಕಚ್ಚಿಗೆ ಇಷ್ಟೆಲ್ಲ ಆಗುತ್ತಾ?"

"ಆಗುತ್ತೆ. ಪ್ಲಾಸ್ಮಾ ಟೈಲನ್ನ ಸವರಿಕೊಂಡು ಹೋಗುತ್ತೆ, ನೇರ ಹೊಡೆಯಲ್ಲ. ಮನೆ ಮೇಲಿನ ಶೀಟು ಸರಿಯಾಗಿ ಕೂತಿದ್ರೆ ಗಾಳಿಗೆ ಹಾರಲ್ಲ ಅಲ್ವಾ? ಒಂದು ಅಂಚು ಎದ್ದಿದ್ರೆ ಗಾಳಿ ಅಲ್ಲೇ ಕೈ ಹಾಕುತ್ತೆ. ಇಲ್ಲೂ ಅಷ್ಟೆ. ಕೂದಲೆಳೆಯಷ್ಟು ಅಂಚು ಪ್ಲಾಸ್ಮಾಗೆ ಎದುರಾದ್ರೂ ಶಾಖವೆಲ್ಲ ಅದರ ಮುಖಕ್ಕೇ. ಮೂರು ಸಾವಿರದ ನಾನೂರು ಡಿಗ್ರಿ ದಾಟಿದ್ರೆ ಟಂಗ್‌ಸ್ಟನ್ನೂ ಕರಗುತ್ತೆ. ಹಿಂದಿದ್ದ ನೀರಿನ ಪೈಪು ತೂತಾಯ್ತು, ನೀರು ನುಗ್ಗಿ ಆವಿ ಆಯ್ತು, ಕಿಟಕಿ ಗಾಜು ಸಿಡೀತು. ಆ ಹುಡುಗಿ ಕಿಟಕಿ ಹತ್ರ ನಿಂತಿದ್ಳು."

ಆ ಹುಡುಗಿ. ಹೆಸರು ಹಿಡಿದು ಹೇಳುವುದಕ್ಕೂ ಇವನಿಗೆ ಆಗಲ್ಲ. ವನಜಾಕ್ಷಿ ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಾನಸಳ ತಂದೆ ಪರ್ವತಯ್ಯ. ಬಡವನಹಳ್ಳಿಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟವರು, ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಒಬ್ಬಳೇ ಮಗಳು.

"ತಾಯಿ, ಅವನನ್ನ ಎಷ್ಟೊತ್ತಿಗೆ ಕರ್ಕೊಂಡು ಹೋಗ್ತೀರಿ?" ದನಿ ಒಡೆದಿತ್ತು. "ನಾನು ಸ್ಟೇಷನ್ ಹತ್ರ ಬಂದಿದೀನಿ. ಅವನು ಜೀಪು ಹತ್ತೋದನ್ನ ಕಣ್ಣಾರೆ ನೋಡಬೇಕು."

"ಬರ್ತಿದೀನಿ ಯಜಮಾನ್ರೇ. ನೆರಳಲ್ಲಿ ಕೂತ್ಕೊಳ್ಳಿ." ಕರುಳು ಚುರುಕ್ ಎಂದಿತು ಅವಳಿಗೆ. ಇವರಿಗೆ ಉತ್ತರ ಕೊಡಬೇಕಾದವನು ಇಲ್ಲಿ ಎಳನೀರು ಕುಡಿಯುತ್ತ ಕೂತಿದ್ದಾನೆ.

ಫೋನು ಇಡುವುದನ್ನೇ ಕಾಯುತ್ತಿದ್ದವನಂತೆ ಹಾಲೇಶ್ ಹೇಳಿದ. "ಕುರಿ ಕಾಯೋರ ಬುದ್ಧಿ ಮೇಡಂ. ಓದಿಸಿ, ಕೋಟು ಹಾಕಿ ಲ್ಯಾಬಿನಲ್ಲಿ ನಿಲ್ಲಿಸಿದ್ರೂ ಕೈ ಹೋಗೋದು ಕಿವಿಗೇ."

"ನಾನೂ ಕುರಿ ಕಾಯೋರ ಮನೆಯವಳೇ," ಎಂದಳು ವನಜಾಕ್ಷಿ. "ಹುಲಿಕುಂಟೆ ಕಡೆ. ನಮ್ಮಪ್ಪ ಈಗಲೂ ಮಂದೆ ಹಿಂದೆ ಓಡಾಡ್ತಾನೆ."

ಹಾಲೇಶನ ಮುಖ ಪೆಚ್ಚಾಯಿತು. "ಸಾರಿ, ನಾನು ಆ ಅರ್ಥದಲ್ಲಿ..."

"ಯಾವ ಅರ್ಥ ಅಂತ ಗೊತ್ತಾಯ್ತು, ಬಿಡಿ. ಭೂತಗನ್ನಡಿ ತಗೊಳ್ಳಿ."

ತೆಗೆದುಕೊಂಡ.

"ಕುರಿ ಕದ್ದೋನು ಸಂತೆಗೆ ಹೊಡೆಯೋ ಮೊದಲು ಕಿವಿ ಮೇಲೆ ತನ್ನ ಗುರುತು ಕುಯ್ತಾನೆ. ಹಳೇ ಗಾಯ ಆದ್ರೆ ಅಂಚು ದುಂಡಗಾಗಿ ತೊಗಲು ಕೂಡಿರುತ್ತೆ. ಹಸಿ ಗಾಯ ಬೆರಳಿಗೇ ಗೊತ್ತಾಗುತ್ತೆ. ನಮ್ಮಪ್ಪ ಶಿರಾ ಸಂತೆಯಲ್ಲಿ ಬರೀ ಕಿವಿ ಮುಟ್ಟಿ ಕಳ್ಳನ ಕೊರಳಪಟ್ಟಿ ಹಿಡಿದಿದ್ದ. ಈಗ ಇದರ ಕಿವಿ ನೋಡಿ."

ಬಿಲ್ಲೆಯ ಮುಖದ ಮೇಲೆ ಕರಗಿ ಆರಿದ ಲೋಹ ಬೆಲ್ಲದ ಪಾಕದ ಹಾಗೆ ಮಡಿಕೆ ಮಡಿಕೆಯಾಗಿ ಹೆಪ್ಪುಗಟ್ಟಿತ್ತು. ಕಚ್ಚು ಆ ಹೆಪ್ಪನ್ನೇ ಸೀಳಿಕೊಂಡು ಇಳಿದಿತ್ತು. ಎರಡೂ ಬದಿಯ ಅಂಚುಗಳು ಹರಿತವಾಗಿ ಹೊಳೆಯುತ್ತಿದ್ದವು.

"ಶಾಖವೆಲ್ಲ ಅಂಚಿನ ಮುಖಕ್ಕೇ ಅಂದ್ರಿ. ಕಚ್ಚು ಮೊದಲೇ ಇದ್ದಿದ್ರೆ ಅದೇ ಮೊದಲು ಕರಗಬೇಕಿತ್ತಲ್ಲ? ದುಂಡಗಾಗಬೇಕಿತ್ತಲ್ಲ? ಇದು ಪಾಕ ಆರಿದ ಮೇಲೆ ಕುಯ್ದಿರೋದು, ಡಾಕ್ಟರೇ. ನಿನ್ನೆ ರಾತ್ರಿ ಈ ಚೀಲ ಹಿಡ್ಕೊಂಡು ಕೂತಾಗ ನನಗೇ ಕಂಡಿದ್ದು ನಿಮಗೆ ಯಾಕೆ ಕಾಣಲಿಲ್ಲ?"

ಹಾಲೇಶ್ ಬಿಲ್ಲೆಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಇದ್ದಕ್ಕಿದ್ದಂತೆ ಬೆರಳು ಒಂದು ಕಡೆ ನಿಂತಿತು.

"ಏನು?"

"ಏನಿಲ್ಲ."

"ಹಾಲೇಶ್." ಇಷ್ಟು ಹೊತ್ತು ಇದ್ದ ಗೌರವ ಮೇಜಿನ ಕೆಳಗೆ ಬಿತ್ತು. "ಇನ್ನೊಂದು ಸಲ ಏನಿಲ್ಲ ಅಂದ್ರೆ ನಿನ್ನನ್ನ ಇಲ್ಲಿಂದ ಎಳ್ಕೊಂಡು ಹೋಗೋದು ನಿನ್ನ ಕೆಲಸಗಾರರ ಕಣ್ಣೆದುರಿಗೇ."

ಅವನು ತುಟಿ ಒದ್ದೆ ಮಾಡಿಕೊಂಡ. "ಕೆಳಗೆ ಇಳಿದಿದೆ."

"ಏನು ಇಳಿದಿದೆ?"

"ಕರಗಿದ್ದು. ಬೋಲ್ಟಿನ ತೂತು ಇರೋದು ಟೈಲಿನ ಬುಡದಲ್ಲಿ. ಅಲ್ಲಿಗೆ ಇಳಿದು ಬಂದಿದೆ. ಹಾಗೆ ಆಗೋ ಹಾಗಿಲ್ಲ." ದನಿಯಲ್ಲಿದ್ದ ಮೇಷ್ಟರ ಠೀವಿ ಇಳಿದುಹೋಗಿತ್ತು. "ರಿಯಾಕ್ಟರಿನಲ್ಲಿ ದೊಡ್ಡ ಅಯಸ್ಕಾಂತ ಇರುತ್ತೆ. ಅದಕ್ಕೇ ಈ ವರ್ಷ ನಾವೂ ಚೇಂಬರಿಗೆ ಒಂದು ಹಾಕಿಸಿದ್ವಿ. ಅಯಸ್ಕಾಂತ ಇದ್ದಾಗ ಕರಗಿದ ಟಂಗ್‌ಸ್ಟನ್ ಕೆಳಗೆ ಹರಿಯಲ್ಲ ಮೇಡಂ. ಅದರೊಳಗೆ ಕರೆಂಟು ಓಡ್ತಿರುತ್ತೆ, ಅಯಸ್ಕಾಂತ ಅದನ್ನ ಪಕ್ಕಕ್ಕೆ ತಳ್ಳುತ್ತೆ. ಅವತ್ತಿನ ಟೈಲ್ ಆಗಿದ್ರೆ ಪಕ್ಕದ ಅಂಚಲ್ಲಿ ಹೋಗಿ ಗಂಟು ಕಟ್ಟಿರಬೇಕಿತ್ತು."

"ಅಂದ್ರೆ?"

"ಇದು ಅವತ್ತಿನದಲ್ಲ. ಹಳೇ ಪರೀಕ್ಷೆಯಲ್ಲಿ ಕರಗಿದ್ದು. ಅಂಥವು ಹಿಂದಿನ ರ್ಯಾಕಿನಲ್ಲಿ ಬೇಕಾದಷ್ಟು ಬಿದ್ದಿವೆ, ಬೀಗ ಹಾಕಲ್ಲ."

ವನಜಾಕ್ಷಿಗೆ ರಕ್ತ ಕುದಿಯಿತು. ಸುಳ್ಳು ಬಿಲ್ಲೆ, ಸುಳ್ಳು ಗುರುತು. ಅದನ್ನು ಮಹಜರು ಮಾಡಿ, ಸೀಲು ಹಾಕಿ, ಒಬ್ಬ ಹುಡುಗನನ್ನು ಕಂಬಿಯ ಹಿಂದೆ ಕೂರಿಸಿದವಳು ತಾನು.

"ಬದಲಾಯಿಸಿದ್ದು ನೀನೇ."

"ಅಲ್ಲ. ದೇವರಾಣೆಗೂ ಅಲ್ಲ. ಮಾನಸನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದ್ವಿ, ಆಮೇಲೆ ನಾನು ಇತ್ತ ಬರಲೇ ಇಲ್ಲ. ಮಾರನೇ ದಿನ ನಿಮ್ಮ ಜೊತೆಗೇ ಬಾಗಿಲು ದಾಟಿದ್ದು. ಟೈಲ್ ಟ್ರೇ ಮೇಲಿತ್ತು, ಕಚ್ಚು ಕಾಣಿಸ್ತು, ಹೇಳಿದೆ."

"ತಿರುಗಿಸಿ ನೋಡಲಿಲ್ಲ?"

ಹಾಲೇಶ್ ತಲೆ ತಗ್ಗಿಸಿದ. "ನೋಡೋದು ನನಗೆ ಬೇಕಿರಲಿಲ್ಲ."

"ಯಾಕೆ?"

"ನಿಲ್ಸಿ ಸರ್, ಅಂಚು ಬೆಳ್ಳಗೆ ಉರೀತಿದೆ ಅಂದ್ಳು ಮಾನಸ. ಈ ಸಲದ ಟೈಲುಗಳಲ್ಲೇ ಏನೋ ಐಬಿದೆ, ನಾನು ಹುಡುಕಿ ತೆಗೀತೀನಿ ಅಂದ್ಳು. ಇನ್ನೊಂದೇ ಸಲ ಅಂತ ನಾನೇ ಸ್ವಿಚ್ಚು ಒತ್ತಿದೆ." ಅವನ ಕಣ್ಣು ತುಂಬಿ ಬಂತು. "ಶಿವರಾಜು ತಪ್ಪು ಅಂತ ಆದ್ರೆ ಸಾಕಿತ್ತು ನನಗೆ."

ಅಳುವವನನ್ನು ನೋಡಿದರೆ ಬೇರೆ ದಿನ ವನಜಾಕ್ಷಿ ಮುಖ ತಿರುಗಿಸುತ್ತಿದ್ದಳು. ಇವತ್ತು ದಿಟ್ಟಿಸಿ ನೋಡಿದಳು. "ಈ ಮಾತನ್ನ ಕೋರ್ಟಿನಲ್ಲೂ ಹೇಳ್ತೀಯ. ಹೇಳಲಿಲ್ಲ ಅಂದ್ರೆ ಹೇಳಿಸ್ತೀನಿ. ಊರು ಬಿಟ್ಟು ಕದಲಬೇಡ." ಒಬ್ಬ ಪೇದೆಯನ್ನು ಬಾಗಿಲಿಗೆ ನಿಲ್ಲಿಸಿ ಜೀಪು ಹತ್ತಿದಳು.

ಸ್ಟೇಷನ್ನಿನ ಜಗಲಿಯಲ್ಲಿ ಎರಡು ಬೆಂಚು. ಒಂದರ ಮೇಲೆ ಶಿವರಾಜುವಿನ ತಾಯಿ ಈರಕ್ಕ, ಇನ್ನೊಂದರ ಮೇಲೆ ಪರ್ವತಯ್ಯನವರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ವನಜಾಕ್ಷಿ ಈರಕ್ಕನ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

"ನನ್ ತಾವೂ ಮಾತಾಡ್ತಿಲ್ಲ ಕಣವ್ವ ಅವ್ನು," ಈರಕ್ಕ ಲಾಕಪ್ಪಿನ ಕಡೆ ಕೈ ತೋರಿಸಿದಳು. "ಕಲ್ ಕುಂತಂಗೆ ಕುಂತವ್ನೆ. ಕಪಾಳಕ್ಕೆ ಒಂದ್ ಕೊಡಾನ ಅಂದ್ರೆ ಕಂಬಿ ಅಡ್ಡ ಐತೆ."

"ಆಮೇಲೆ ಕೊಡುವಂತೆ. ನಾನೂ ಹುಲಿಕುಂಟೆ ಕಡೆ ಕುರಿ ಕಾಯೋರ ಮನೆಯವಳೇ. ಮೊದಲು ಇದನ್ನ ನೋಡು. ನಿಮ್ಮನೆ ಕುರಿ ಗುರುತೇನಾ ಇದು?"

ಈರಕ್ಕ ಚೀಲವನ್ನು ಕೈಗೆ ತೆಗೆದುಕೊಂಡಳು. ಕಣ್ಣು ಅಷ್ಟಕ್ಕಷ್ಟೆ, ಹೆಬ್ಬೆರಳಿನಿಂದಲೇ ಸುತ್ತ ಸವರಿದಳು. ಕಚ್ಚಿನ ಹತ್ತಿರ ತಲೆಯಾಡಿಸಿದಳು. ಮತ್ತೆ ಸವರಿದಳು. ಬೋರಲು ಹಾಕಿ ಇನ್ನೊಂದು ಸಲ.

"ಮೇಲಿಂದು ನಮ್ಮಂಗೇ ಐತೆ. ಒಳಗಿಂದಿಲ್ಲ."

"ಒಳಗಿಂದು ಅಂದ್ರೆ?"

"ಎರಡು ಆಕ್ತೀವಿ ಕಣವ್ವ. ಒಂದು ಕಳ್ಳುಂಗೆ ಕಾಣ್ಲಿ ಅಂತ, ಇನ್ನೊಂದು ನಮ್ಗೆ. ಅವ್ನು ಮೇಲಿಂದ ನೋಡ್ಕಂಡು ಅಂಗೇ ಕುಯ್ಕಂಡ್ರೂ ಒಳಗಿಂದು ಅವ್ನಿಗೆ ಸಿಗಾಕಿಲ್ಲ. ಯಾಕೆ, ನಿಮ್ಮಪ್ಪನ ಮನೇಲಿಲ್ವಾ?"

"ನನಗೆ ಗೊತ್ತೇ ಇಲ್ಲ."

"ಹೆಣ್ಮಕ್ಳಿಗೆ ಹೇಳಿರಾಕಿಲ್ಲ ಬುಡು. ಕೊಟ್ಟ ಮನೆಗೆ ಒಂಟೋಗೋರು ಅಂತ." ಈರಕ್ಕ ಚೀಲವನ್ನು ವಾಪಸು ಕೊಟ್ಟಳು. "ಇದು ನಮ್ಮ ಕುರಿಯಲ್ಲ. ನನ್ ಮಗ ಕುಯ್ದಿರೋದಲ್ಲ ಇದು."

"ಅವ್ವ."

ಇಬ್ಬರೂ ತಿರುಗಿದರು. ಶಿವರಾಜು ಎದ್ದು ಕಂಬಿ ಹಿಡಿದು ನಿಂತಿದ್ದ. ಲಾಕಪ್ಪಿಗೆ ಬಂದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

"ಇತ್ತ ತೋರ್ಸು."

ವನಜಾಕ್ಷಿ ಚೀಲ ಹಿಡಿದಳು. ಅವನು ಕಣ್ಣು ಕಿರಿದು ಮಾಡಿ ಒಂದೇ ಸಲ ನೋಡಿದ. ಬಳಿಕ ಹಣೆಯನ್ನು ಕಂಬಿಗೆ ಜೋರಾಗಿ ಕುಟ್ಟಿದ.

"ಇದಲ್ಲ ಮೇಡಂ. ನಾನು ಕೊಟ್ಟಿದ್ದು ಇದಲ್ಲ."

"ಯಾರಿಗೆ ಕೊಟ್ಟೆ? ಯಾವಾಗ? ಬಾಯಿ ಬಿಡೋ ಮಾರಾಯ. ನಿನ್ನ ಬಾಯಿಗೆ ಬೀಗ ಹಾಕಿಟ್ಟು ನಿಮ್ಮವ್ವನ ಪ್ರಾಣ ತಿಂತಿದೀಯ."

"ಆಸ್ಪತ್ರೇಲಿ ಮಾನಸ ಮೇಡಂಗೆ ಇನ್ನೂ ಉಸ್ರಿತ್ತು. ನನ್ನ ಅತ್ರಕ್ಕೆ ಕರೆದ್ರು. ಶಿವರಾಜು, ಈಗ್ಲೇ ಓಗಿ ಅದನ್ನ ಬಿಚ್ಚು, ನಿನ್ ಗುರ್ತು ಆಕು, ಇಲ್ದಿದ್ರೆ ಬದ್ಲಾಯಿಸ್ಬುಡ್ತಾರೆ ಅಂದ್ರು. ಓದೆ. ಲ್ಯಾಬಲ್ಲಿ ಯಾರೂ ಇರ್ನಿಲ್ಲ, ಬಾಗ್ಲು ತೆರೆದೇ ಇತ್ತು. ಬಿಚ್ಚಿ, ಎರಡೂ ಗುರ್ತು ಆಕ್ದೆ. ವಾಪಸ್ ಬರಾಷ್ಟ್ರಲ್ಲಿ ಅವ್ರು ಓಗ್ಬುಟ್ಟಿದ್ರು." ಅವನು ತೋಳಿನಿಂದ ಮುಖ ಒರೆಸಿಕೊಂಡ. "ಅವ್ರು ಏಳಿದ್ದಂಗೇ ಕೊಟ್ಟೆ."

"ಯಾರಿಗೆ?"

"ಅವ್ರಪ್ಪಂಗೆ. ಆಸ್ಪತ್ರೆ ಜಗಲೀಲಿ, ಟವಲ್ಲಲ್ಲಿ ಸುತ್ತಿ ಕೈಗೇ ಕೊಟ್ಟೆ. ಅಪ್ಪನ್ನ ಬುಟ್ಟು ಯಾರ್ನೂ ನಂಬಬ್ಯಾಡ, ಅವ್ರೇ ಬಂದು ಏಳೋಗಂಟ ಬಾಯಿ ಬುಡಬ್ಯಾಡ ಅಂದಿದ್ರು. ಇವತ್ತು ಬತ್ತಾರೆ, ನಾಳೆ ಬತ್ತಾರೆ, ಬಂದು ನಿಜ ಏಳ್ತಾರೆ ಅಂತ ಕಾಯ್ತಿದ್ದೆ ಮೇಡಂ. ಬಂದವ್ರೆ. ಜಗಲೀಲೇ ಕುಂತವ್ರೆ. ಏಳ್ನಿಲ್ಲ."

ವನಜಾಕ್ಷಿ ಜಗಲಿಯ ಕಡೆ ತಿರುಗಿ ನೋಡಿದಳು. ಗುರುತು ಹಾಕಿದ ನಿಜವಾದ ಬಿಲ್ಲೆಯನ್ನು ಶಿವರಾಜು ಬಿಟ್ಟರೆ ಕಂಡವರು ಒಬ್ಬರೇ. ಅದನ್ನು ನೋಡಿಕೊಳ್ಳದೆ ಸುಳ್ಳು ಬಿಲ್ಲೆಯ ಮೇಲೆ ಅದೇ ಗುರುತು ಕುಯ್ಯಲು ಯಾರಿಗೂ ಆಗುವುದಿಲ್ಲ. ಬೆಳಿಗ್ಗೆಯಿಂದ ಯಾರಿಗಾಗಿ ಅವಳ ಕರುಳು ಚುರುಗುಟ್ಟುತ್ತಿತ್ತೋ ಆ ಮನುಷ್ಯ, ಹೆತ್ತ ಮಗಳು ಕೊನೆಯುಸಿರಲ್ಲಿ ಕಾಪಾಡು ಅಂದದ್ದನ್ನು ಬಚ್ಚಿಟ್ಟು ಇನ್ನೊಬ್ಬರ ಮಗನನ್ನು ಬಲಿ ಕೊಡಲು ಹೊರಟಿದ್ದಾನೆ. ಯಾಕೆ? ಥೂ, ಯಾಕಾದರೂ ಆಗಲಿ.

"ಎರಡನೇ ಗುರುತು ಎಲ್ಲಿ ಹಾಕಿದೆ?"

ಶಿವರಾಜು ಬಾಯಿ ತೆರೆಯುವಷ್ಟರಲ್ಲಿ ಈರಕ್ಕ ಅಡ್ಡ ಬಂದಳು. "ಏಳಬ್ಯಾಡ ಕಣ್ಲಾ. ಅದು ಹೊರಗೋರಿಗೆ ಏಳಾದಲ್ಲ. ಜಡ್ಜಿನ ಮುಂದೆ ಏಳು, ಆ ಬಿಲ್ಲೆ ಎದುರಿಗಿಟ್ಟಾಗ."

"ಆಗಲಿ," ಎಂದಳು ವನಜಾಕ್ಷಿ.

ಬಿಲ್ಲೆ ಎದುರಿಗಿಡಬೇಕಾದರೆ ಮೊದಲು ಅದು ಸಿಗಬೇಕು. ಹುಡುಗ ಬಾಯಿ ಬಿಟ್ಟ ಅಂತ ಗೊತ್ತಾದರೆ ಬಡವನಹಳ್ಳಿಗೆ ಒಂದು ಫೋನು ಸಾಕು, ಬಿಲ್ಲೆ ಯಾವುದೋ ಹಾಳುಬಾವಿ ಸೇರುತ್ತದೆ. ಆಮೇಲೆ ಕಂಬಿಯ ಹಿಂದಿನ ಈ ಹುಡುಗನ ಮಾತನ್ನು ನಂಬುವವರು ಯಾರು? ಪರ್ವತಯ್ಯನಿಗೆ ಏನೂ ಗೊತ್ತಾಗಬಾರದು. ಅವನು ಕೋರ್ಟಿನಲ್ಲಿ ಕೂತಿರುವಾಗಲೇ ಅವನ ಮನೆ, ಮಂಡಿ ಎರಡನ್ನೂ ಜಾಲಾಡಬೇಕು.

ತಾಯಿ ಮಗನಿಗೆ ಇದನ್ನು ಬಿಡಿಸಿ ಹೇಳಲು ಪುರಸೊತ್ತಿರಲಿಲ್ಲ. ಶಿವರಾಜುವನ್ನು ಹೊರಗೆ ಕರೆತಂದಳು.

ಪರ್ವತಯ್ಯನವರು ಲಾಕಪ್ಪಿನ ಕಿಟಕಿಯ ಕೆಳಗೆ ಸರಿದು ನಿಂತಿದ್ದರು, ಬಿಸಿಲು ಬಂತೆಂದೋ ಏನೋ. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಹತ್ತಿರ ಬಂದರು. "ಬಾಯಿ ಬಿಟ್ಟನಾ ತಾಯಿ?"

"ಇಲ್ಲ ಯಜಮಾನ್ರೇ," ಎಂದಳು ವನಜಾಕ್ಷಿ. "ಒಂದು ಮಾತೂ ಇಲ್ಲ. ಕೋರ್ಟಿಗೆ ಒಪ್ಪಿಸಿಬಿಡ್ತೀವಿ."

ಹಿಂದೆ ಹೊಸಿಲು ದಾಟುತ್ತಿದ್ದ ಈರಕ್ಕ ನಿಂತುಬಿಟ್ಟಳು. "ಏನಂದೆ?"

ವನಜಾಕ್ಷಿ ಅವಳ ಮಣಿಕಟ್ಟು ಅದುಮಿ ಹಿಡಿದಳು. ಈರಕ್ಕ ಕಿತ್ತುಕೊಂಡಳು.

"ನಮ್ಮೋಳು ಅಂದ್ಕಂಡಿದ್ನಲ್ಲೇ. ಹುಲಿಕುಂಟೆ ಹೆಣ್ಣು, ನ್ಯಾಯ ಮಾಡ್ತಾಳೆ ಅಂದ್ಕಂಡಿದ್ನಲ್ಲೇ." ಬಗ್ಗಿ ಅಂಗಳದ ಹಿಡಿ ಮಣ್ಣು ಬಾಚಿದಳು. "ನಿನ್ ಮನೆ ಮಣ್ಣಾಗ. ನಿನ್ ಹೊಟ್ಟೆ ಉರಿಯ." ಮಣ್ಣು ವನಜಾಕ್ಷಿಯ ಎದೆಗೆ, ಮುಖಕ್ಕೆ, ಟೋಪಿಗೆ ಬಂದು ಬಡಿಯಿತು. ಪೇದೆಯೊಬ್ಬ ಲಾಠಿ ಎತ್ತಿಕೊಂಡು ಓಡಿಬಂದ.

"ಮುಟ್ಟಬೇಡ ಅವಳನ್ನ," ವನಜಾಕ್ಷಿ ಗದರಿದಳು. ಕಣ್ಣಿಗೆ ಬಿದ್ದ ಮಣ್ಣನ್ನಷ್ಟೇ ಒರೆಸಿಕೊಂಡಳು. ಸಿಟ್ಟನ್ನು ಯಾರ ಮೇಲೆ ಎಸೆಯಬೇಕೋ ಅವನು ಪಕ್ಕದಲ್ಲೇ ಕೈಮುಗಿದು ನಿಂತಿದ್ದ, ಎಸೆಯುವ ಹಾಗಿರಲಿಲ್ಲ.

ಶಿವರಾಜು ತಾಯಿಯ ಕಡೆ ನೋಡದೆ ಜೀಪಿನ ಹಿಂದೆ ಹತ್ತಿ ಕೂತ.

"ನಾನೂ ಜೊತೆಗೆ ಬರಲಾ ತಾಯಿ?" ಪರ್ವತಯ್ಯನವರು ಕೇಳಿದರು. "ಮಗಳ ಆತ್ಮಕ್ಕೆ ಸಮಾಧಾನ ಆಗುತ್ತೆ."

ಬೇಡ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಈ ಮನುಷ್ಯ ಊರಿಂದ ದೂರವಿದ್ದಷ್ಟೂ ಒಳ್ಳೆಯದು. "ಬನ್ನಿ," ಎಂದಳು.

ಅವರು ಮುಂದಿನ ಸೀಟಿಗೆ ಬರಲಿಲ್ಲ. ನಿಧಾನವಾಗಿ ಹಿಂದೆ ಹತ್ತಿ ಶಿವರಾಜುವಿನ ಪಕ್ಕದಲ್ಲೇ ಕೂತರು. ವನಜಾಕ್ಷಿ ಮುಂದೆ ಕೂತು, ಮೊಬೈಲನ್ನು ತೊಡೆಯ ಮೇಲೆ ಮರೆಮಾಡಿಕೊಂಡು ಬಡವನಹಳ್ಳಿಗೆ ಹೊರಡಬೇಕಾದ ತಂಡಕ್ಕೆ ಮೆಸೇಜು ಒತ್ತತೊಡಗಿದಳು. ಡ್ರೈವರ್ ಬೀಗದ ಕೈ ತಿರುಗಿಸಲು ಕೈ ಚಾಚಿದ.

ಹಿಂದಿನ ಸೀಟಿನಿಂದ, ಮಗುವನ್ನು ರಮಿಸುವ ಹಾಗೆ ಮೆಲ್ಲಗೆ, ಪರ್ವತಯ್ಯನ ದನಿ ಬಂತು.

"ಎರಡನೇ ಗುರುತು ಎಲ್ಲಿ ಹಾಕಿದ್ದೆ ಮಗಾ?"